ಕಟ್ಟಿಯವರ ಮೇಜು ಇದ್ದ ಜಾಗ

ಕಟ್ಟಿಯವರ ಮೇಜು ದಾರಿಗೆ ಅಡ್ಡವಾಗಿತ್ತು. ನಮ್ಮ ಕಚೇರಿಯಲ್ಲಿ ಕೆಲಸ ಏಕೆ ಇಷ್ಟು ನಿಧಾನ ಎಂದು ಯಾರಾದರೂ ಕೇಳಿದ್ದರೆ ನಾನು ಈ ಒಂದು ವಾಕ್ಯ ಹೇಳಿ ಸುಮ್ಮನಾಗುತ್ತಿದ್ದೆ. ಯಾರೂ ಕೇಳಿರಲಿಲ್ಲ. ನಾನು ಸೇರಿ ಏಳು ತಿಂಗಳಾಗಿತ್ತು, ಇನ್ನೂ ಖಾಯಂ ಆಗಿರಲಿಲ್ಲ, ಖಾಯಂ ಮಾಡಲು ಶಿಫಾರಸು ಬರೆಯಬೇಕಾದವರು ಇದೇ ಹಿರಿಯ ಗುಮಾಸ್ತ ವಾಸುದೇವ ಕಟ್ಟಿಯವರು. ಆದ್ದರಿಂದ ನಾನಾಗಿ ಹೇಳುವ ಪ್ರಶ್ನೆಯೂ ಇರಲಿಲ್ಲ.

ನಮ್ಮದು ಮಾತಿನ ಕಚೇರಿ. ಫಲಕದ ಮೇಲೆ ಬೇರೇನೋ ಉದ್ದನೆಯ ಹೆಸರಿದೆ, ಅದನ್ನು ಯಾರೂ ಓದುವುದಿಲ್ಲ. ಈ ಊರಿನ ಕಲ್ಲಿನ ಮೇಲೆ ಬರಿಗಾಲಲ್ಲಿ ನಿಂತು ಆಡಿದ ಮಾತು ಆ ಕಲ್ಲಿನಲ್ಲಿಯೇ ಉಳಿಯುತ್ತದೆ. ಆಮೇಲೆ ಯಾರೇ ಬರಿಗಾಲಲ್ಲಿ ಅದರ ಮೇಲೆ ಬಾಯಿ ಮುಚ್ಚಿಕೊಂಡು ನಿಂತರೂ ಅದೇ ದನಿಯಲ್ಲಿ ಕೇಳುತ್ತದೆ, ನಿಂತವರಿಗೆ ಮಾತ್ರ. ಚಪ್ಪಲಿ ಹಾಕಿಕೊಂಡು ಆಡಿದ್ದು ಗಾಳಿಗೆ ಹೋಗುತ್ತದೆ. ಹಾಗಾಗಿ ಇಲ್ಲಿ ಗಂಡಹೆಂಡಿರ ಜಗಳ ಶುರುವಾಗುವ ಮೊದಲು ಇಬ್ಬರೂ ಚಪ್ಪಲಿ ಹುಡುಕುತ್ತಾರೆ. ಎತ್ತು ಮಾರುವವನು ಬಹಳ ಹೊಗಳಿದರೆ ಕೊಳ್ಳುವವನು ಅವನ ಕಾಲು ನೋಡುತ್ತಾನೆ. ಕಲ್ಲು ಹಾಸಿದ ದೊಡ್ಡ ಮನೆಗಳಲ್ಲಿ ಅಡುಗೆಮನೆಯೊಳಗೂ ಮೆಟ್ಟು ಬೇಕು. ಮಣ್ಣುನೆಲದ ಗುಡಿಸಲಿನಲ್ಲಿ ಮಾತ್ರ ಜನ ಬರಿಗಾಲಲ್ಲಿ ಕೂತು ಮನಸ್ಸಿಗೆ ಬಂದದ್ದು ಮಾತಾಡುತ್ತಾರೆ. ಊರಿನಲ್ಲಿ ವಕೀಲರಿಗಿಂತ ಚಪ್ಪಲಿ ಹೊಲಿಯುವವರಿಗೆ ಮರ್ಯಾದೆ ಜಾಸ್ತಿ.

ಪಾಲು, ಮದುವೆ, ದತ್ತು, ಕೊಟ್ಟದ್ದು, ಬಿಟ್ಟದ್ದು, ಎಲ್ಲವನ್ನೂ ನಮ್ಮ ಕಚೇರಿಯ ಕಲ್ಲುಗಳ ಮೇಲೆ ನಿಂತು ಹೇಳಬೇಕು. ಮುನ್ನೂರ ಹನ್ನೆರಡು ಕಲ್ಲುಗಳಿವೆ, ಒಂದು ಕಲ್ಲಿಗೆ ಒಂದು ಮಾತು. ಯಾವ ಕಲ್ಲಿನ ಮೇಲೆ ಯಾರು ಯಾವ ದಿನ ನಿಂತರು ಎಂಬುದಷ್ಟೇ ಪುಸ್ತಕದಲ್ಲಿರುತ್ತದೆ. ಪುಸ್ತಕದಲ್ಲಿ ಇಲ್ಲದ್ದು ಕಲ್ಲಿನಲ್ಲಿದ್ದರೂ ಮಾತಲ್ಲ. ವ್ಯವಹಾರ ಮುಗಿದ ಮೇಲೆ ಎರಡೂ ಕಡೆಯವರು ಒಪ್ಪಿದರೆ ಕಲ್ಲುಕುಟಿಗ ಬಂದು ಬೆರಳು ದಪ್ಪ ಕೆತ್ತಿ ತೆಗೆಯುತ್ತಾನೆ, ಮಾತು ಹೋಗುತ್ತದೆ, ಕಲ್ಲು ಮತ್ತೊಬ್ಬರಿಗೆ ಸಿದ್ಧವಾಗುತ್ತದೆ.

ಹೊಸ ಅಧಿಕಾರಿ ಸುಲೋಚನಾ ಮೇಡಂ ಬಂದ ಮೊದಲ ವಾರವೇ ನನ್ನನ್ನು ಕರೆದರು. "ಶಿವಪುತ್ರ, ಒಬ್ಬರು ಬಂದು ಹಳೇ ಮಾತು ಕೇಳಿಸಿಕೊಂಡು ಹೋಗೋಕೆ ಎಷ್ಟು ಹೊತ್ತು ಹಿಡಿಯುತ್ತೆ?"

"ಗೊತ್ತಿಲ್ಲ ಮೇಡಂ."

"ಗೊತ್ತು ಮಾಡಿಕೊಂಡು ಬಾ."

ಒಂಬತ್ತು ದಿನ ಕೈಗಡಿಯಾರ ಹಿಡಿದು ಅಳೆದೆ. ಸರಾಸರಿ ಎರಡು ಗಂಟೆ ಹತ್ತು ನಿಮಿಷ. ಕೇಳುವುದು ಮೂರು ನಿಮಿಷ, ಉಳಿದದ್ದೆಲ್ಲ ಕಾಯುವುದು. ಬಂದವರು ಮುಂದಿನ ಕಿಟಕಿಯಲ್ಲಿ ಹೆಸರು ಹೇಳಿ ಚೀಟಿ ತಗೊಂಡು, ನಡುವಿನ ಕಟ್ಟಿಯವರ ಮೇಜಿಗೆ ಹೋಗಿ ಪುಸ್ತಕದಲ್ಲಿ ಕಲ್ಲಿನ ಸಂಖ್ಯೆ ನೋಡಿಸಿ, ಮತ್ತೆ ಮುಂದೆ ಬಂದು ಚೀಟಿಗೆ ಠಸ್ಸೆ ಹೊಡೆಸಬೇಕು. ಎಂಬತ್ತೆಂಟನೇ ಕಲ್ಲು ಬೇಕಾದರೆ ಟಪಾಲಿನ ಕಪಾಟು ಸರಿಸಬೇಕು. ಒಳಗಿನ ಪಡಸಾಲೆಗೆ ಹೋಗುವ ದಾರಿಯಲ್ಲಿ ಕಟ್ಟಿಯವರ ಮೇಜು. ಅದರ ಪಕ್ಕದ ಸಂದಿನಲ್ಲಿ ಒಬ್ಬೊಬ್ಬರೇ ಹೊಟ್ಟೆ ಒಳಗೆ ಎಳೆದುಕೊಂಡು ದಾಟಬೇಕು. ಜವಾನ ದುರಗಪ್ಪ ದಿನಕ್ಕೆ ಎಷ್ಟು ಹೆಜ್ಜೆ ಹಾಕುತ್ತಾನೆ ಎಂದು ಎಣಿಸಲು ಅವನ ಹಿಂದೆ ಹಿಂದೆಯೇ ಓಡಾಡಿದೆ. ಅವನು ತಿರುಗಿ ನಿಂತು, "ನಾ ಏನ್ ಸಂತಿಗೆ ಹೊಂಟ ಎತ್ತೇನೋ ತಮ್ಮಾ, ಹಲ್ಲೂ ಎಣಸ್ತೀಯೇನು?" ಎಂದು ಬಾಯಿ ತೆರೆದು ತೋರಿಸಿದ.

ಹಾಸ್ಟೆಲ್ಲಿನ ಗ್ರಂಥಾಲಯದಲ್ಲಿ ನಾನು ಓದಿದ್ದ ಒಂದು ಪುಸ್ತಕ, ಮುಂದಿನ ಮೂವತ್ತು ಪುಟ ಹರಿದುಹೋದದ್ದು, ಇಂಥದ್ದನ್ನೇ ಹೇಳುತ್ತಿತ್ತು: ಬಹಳ ಬೇಕಾದದ್ದು ಕೈಗೆ ಹತ್ತಿರ ಇರಲಿ, ದಾರಿ ನೇರ ಇರಲಿ, ಒಂದು ಕಾಗದವನ್ನು ಎರಡು ಸಲ ಮುಟ್ಟಬೇಡ. ಆಗ ಅದನ್ನು ಓದಿದ್ದು ಬೇರೆ ಪುಸ್ತಕ ಸಿಗದಿದ್ದಕ್ಕೆ. ಈಗ ಅದರಂತೆಯೇ ನಕಾಶೆ ಬರೆದೆ. ಪುಸ್ತಕ ಬಾಗಿಲ ಬಳಿ ಬರಬೇಕು, ಠಸ್ಸೆ ಅದರ ಪಕ್ಕದಲ್ಲಿ. ಕಪಾಟುಗಳು ಗೋಡೆಗೆ. ಕಲ್ಲಿನ ಸಂಖ್ಯೆ ಕೆಂಪು ಬಣ್ಣದಲ್ಲಿ. ಕಟ್ಟಿಯವರ ಮೇಜು ಕಿಟಕಿಯ ಕಡೆಗೆ ಹೋದರೆ ಮೂರಡಿ ಅಗಲದ ನೇರ ದಾರಿ. ಅಷ್ಟೇ ಅಲ್ಲ. ಗುಮಾಸ್ತರ ಕಡೆಯ ಕಲ್ಲುಗಳಿಗೆ ಸಂಖ್ಯೆಯೇ ಇರಲಿಲ್ಲ, ಮೇಜು ಕುರ್ಚಿಗಳ ಕೆಳಗೆ ಸುಮ್ಮನೆ ಬಿದ್ದಿದ್ದವು. ಅವುಗಳಲ್ಲಿ ಹದಿನೆಂಟನ್ನು ಕೆತ್ತಿಸಿದರೆ ಹದಿನೆಂಟು ಹೊಸ ಮಾತಿಗೆ ಜಾಗ. ಇದು ಸಣ್ಣ ಸಂಗತಿಯಲ್ಲ. ಖಾಲಿ ಕಲ್ಲು ಏಳೇ ಉಳಿದಿದ್ದವು, ಅವನ್ನೂ ಲೆಕ್ಕ ಹಾಕಿ ಕೊಡುತ್ತಿದ್ದುದರಿಂದ ಮಾತು ಕೊಡಲು ಬಂದವರಿಗೆ ಎರಡು ತಿಂಗಳ ಸರದಿ ಇತ್ತು. ಸರದಿ ಬರುವುದರೊಳಗೆ ಸತ್ತವರೂ ಇದ್ದರು.

ಮೇಡಂ ನಕಾಶೆ ನೋಡಿ ಸಹಿ ಹಾಕಿದರು. ಭಾನುವಾರ ಸಾಮಾನು ಸರಿಸುವುದು, ಸೋಮವಾರ ಹತ್ತಕ್ಕೆ ಕಲ್ಲುಕುಟಿಗ.

ಕಟ್ಟಿಯವರು ವಿರೋಧಿಸಿದ್ದು ವಿಚಿತ್ರವಾಗಿ. ಮೊದಲು ಕಿಟಕಿಯ ಬಳಿ ಬಿಸಿಲು ಎಂದರು. ಪರದೆ ಹಾಕಿಸುತ್ತೇನೆ ಎಂದೆ. ಗಾಳಿ ಎಂದರು. ಬಿಸಿಲಿಗೆ ಗಾಳಿ ಒಳ್ಳೆಯದಲ್ಲವೇ ಎಂದೆ. "ನೀ ಭಾಳ ಶಾಣ್ಯಾ ಇದ್ದಿ," ಎಂದು ಎದ್ದುಹೋದರು. ಶನಿವಾರ ಸಂಜೆ ತಾವೇ ಕರೆದು ಮೆಲ್ಲಗೆ ಹೇಳಿದರು: "ಸರಿಸ್ರಿ, ಬ್ಯಾಡ ಅನ್ನೂದಿಲ್ಲ. ಆದ್ರ ಆ ಜಾಗಾದಾಗ ಒಂದು ಕಪಾಟು ಇಟ್ಟುಬಿಡು. ದೊಡ್ಡದು."

"ದಾರಿಯೊಳಗ ಕಪಾಟು ಯಾಕ್ರಿ ಸರ್? ಮತ್ತ ಅಡ್ಡ ಆಗ್ತೈತಲ್ರಿ."

"ಹಿರೇರು ಒಂದು ಮಾತು ಹೇಳಿದ್ರ ಇಡಬೇಕು."

"ಮೇಡಂ ಸಹಿ ಆಗೈತ್ರಿ."

ಅವರು ಎದ್ದರು. ಬೂಟಿನ ಲಾಡಿ ಬಿಗಿ ಮಾಡಿಕೊಂಡು ಹೊರಟರು. ಬೂಟಿನ ವಿಷಯ ಹೇಳಬೇಕು. ನಮ್ಮಲ್ಲಿ ಯಾವ ಗುಮಾಸ್ತನೂ ಬೂಟು ಹಾಕುವುದಿಲ್ಲ; ದಿನಕ್ಕೆ ಹತ್ತು ಸಲ ಬಿಚ್ಚಬೇಕಾಗುತ್ತದೆ, ಚಪ್ಪಲಿಯೇ ವಾಸಿ. ಬೇಸಿಗೆಯಲ್ಲಂತೂ ಎಲ್ಲರೂ ಮೇಜಿನ ಕೆಳಗೆ ಬರಿಗಾಲನ್ನು ತಣ್ಣನೆಯ ಕಲ್ಲಿನ ಮೇಲೆ ಚಾಚಿ ಕೂರುತ್ತಾರೆ. ಕಟ್ಟಿಯವರು ಮಾತ್ರ ವರ್ಷವಿಡೀ ಕಾಲುಚೀಲ, ಅದರ ಮೇಲೆ ಲಾಡಿ ಕಟ್ಟಿದ ಕರಿ ಬೂಟು. ಯಾರದಾದರೂ ಮಾತು ಕೇಳಬೇಕಾದಾಗ ಬೇರೆ ಗುಮಾಸ್ತರನ್ನು ಕಳಿಸುತ್ತಿದ್ದರು. ಅವರಿಗೆ ಕಾಲಿಗೆ ಆರು ಬೆರಳಿವೆ ಎಂದು ದುರಗಪ್ಪ ಇಡೀ ಕಚೇರಿಗೆ ಹೇಳಿಟ್ಟಿದ್ದ. ಎಡಗಾಲಿಗೋ ಬಲಗಾಲಿಗೋ ಎಂಬುದರ ಬಗ್ಗೆಯಷ್ಟೇ ಅಭಿಪ್ರಾಯಭೇದ ಇತ್ತು.

ಭಾನುವಾರ ನಾನು ಮತ್ತು ದುರಗಪ್ಪ ಇಬ್ಬರೇ. ಕಪಾಟುಗಳು ಮಧ್ಯಾಹ್ನದೊಳಗೆ ಗೋಡೆ ಸೇರಿದವು. ಕಟ್ಟಿಯವರ ಮೇಜು ತೇಗದ್ದು, ಎತ್ತಲಾಗದೆ ಎಳೆದೆವು. ಕೆಳಗೆ ಸವೆದ ಪೆನ್ಸಿಲ್ಲು, ಅಡಿಕೆ ಚೂರು, ವರ್ಷಗಟ್ಟಲೆಯ ದೂಳು. ದುರಗಪ್ಪ ಎರಡು ಕೊಡ ನೀರು ಸುರಿದು ತಿಕ್ಕಿದ, "ಚಹಾ ತರ್ತೇನಿ, ಎರಡು ಹೆಜ್ಜಿ ಬರಕೋ," ಎಂದು ಹೋದ. ದಾರಿಯ ಅಂಚಿಗೆ ಗೆರೆ ಎಳೆಯಬೇಕಿತ್ತು. ಒದ್ದೆ ಕಲ್ಲಿನ ಮೇಲೆ ನನ್ನ ಚಪ್ಪಲಿ ಜಾರುತ್ತಿದ್ದವು. ಬಿಚ್ಚಿಟ್ಟು, ಸುಣ್ಣದಕಡ್ಡಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಟೇಪು ಬಿಡಿಸುತ್ತ ಆ ಕಲ್ಲಿನ ಮೇಲೆ ನಿಂತೆ.

ಅಂಗಾಲಿನಿಂದ ಒಂದು ಮುದಿ ದನಿ ಏರಿತು. "ಸಾಹೇಬ್ರ, ಸಾಹೇಬ್ರ, ಒಂದು ಮಾತು. ಅಂಗಡಿ ನಮ್ಮ ಹುಸೇನಬಿಗೆ. ಹ್ವಾದ ವರ್ಷ ಮಗನಿಗೆ ಅಂದಿದ್ದೆ, ಅದನ್ನ ತಗದುಬಿಡ್ರಿ. ಅವ ಗಾಡಿ ಹೊಡೀತಾನ, ಅವಂಗ ಹತ್ತಿ ಆಗಿಬರೂದಿಲ್ಲ, ಕೆಮ್ಮತಾನ. ಹತ್ತಿ ಹಿಂಜೂ ಬಿಲ್ಲು ಅಕಿ ಕೈಯಾಗ ನಿಂತೈತಿ. ಬರಕೋರಿ."

ಮತ್ತೊಂದು ದನಿ, ಕಟ್ಟಿಯವರದೇ. ಗುರುತು ಹಿಡಿಯಲು ಕ್ಷಣ ಬೇಕಾಗಲಿಲ್ಲ, ಸ್ವಲ್ಪ ಎಳೆಯದು ಅಷ್ಟೆ. "ಪುಸ್ತಕ ಮುಚ್ಚೀನಿ ಮೌಲಾಸಾಬ. ನಾಳೆ ಮುಂಜಾನೆ ಬಾ."

"ಇನ್ನಾ ಹತ್ತು ನಿಮಿಷ ಐತಲ್ರಿ ಐದಕ್ಕ."

"ನಾಳೆ ಬಾ ಅಂದ್ನೆಲ್ಲಾ."

"ಆತ್ರಿ ಸಾಹೇಬ್ರ."

ಅಲ್ಲಿಗೆ ಮುಗಿಯಿತು. ನಿಂತೇ ಇದ್ದೆ, ಮತ್ತೆ ಮೊದಲಿಂದ ಶುರುವಾಯಿತು. ಸುಣ್ಣದಕಡ್ಡಿ ಬಾಯಲ್ಲಿ ಕರಗಿತ್ತು, ಉಗುಳಿ ಚಪ್ಪಲಿ ಮೆಟ್ಟಿಕೊಂಡೆ.

ಹುಸೇನಬಿ ಯಾರು ಎಂದು ಕಚೇರಿಯ ಗೋಡೆಗೂ ಗೊತ್ತು. ಪಿಂಜಾರರ ಹೆಂಗಸು, ಪೇಟೆಯ ತಿರುವಿನಲ್ಲಿ ಹತ್ತಿ ಹಿಂಜಿ ಗಾದಿ ಹೊಲಿಯುತ್ತಾಳೆ. ಹನ್ನೊಂದು ವರ್ಷದಿಂದ ಪ್ರತಿ ತಿಂಗಳ ಮೊದಲ ಸೋಮವಾರ ಬರುತ್ತಾಳೆ. ಅವಳ ತಂದೆ ಮೌಲಾಸಾಬನ ಮಾತು ನಲವತ್ತೊಂದನೇ ಕಲ್ಲಿನಲ್ಲಿದೆ: ಅಂಗಡಿ ಮಗ ದಸ್ತಗೀರನಿಗೆ. ಆದರೆ ತಂದೆ ಸಾಯುವ ಹಿಂದಿನ ಸಂಜೆ ಮಾತು ಬದಲಿಸಿ ಬರುತ್ತೇನೆಂದು ಕಚೇರಿಗೆ ಹೋಗಿದ್ದ ಎಂಬುದು ಅವಳ ವಾದ. ಮರುದಿನ ಬೆಳಗ್ಗೆ ಅವನು ಏಳಲಿಲ್ಲ. ಏನಾಯಿತು ಎಂದು ಕೇಳಿಕೊಳ್ಳಲು ಆಗಲಿಲ್ಲ. ಪುಸ್ತಕದಲ್ಲಿ ಏನೂ ಇಲ್ಲ. ತಮ್ಮ ಇಷ್ಟು ವರ್ಷ ಸುಮ್ಮನಿದ್ದ, ಈಗ ಅಂಗಡಿ ಮಾರಬೇಕು ಅಂತಾನೆ. ಪಂಚರು ಬರುವ ಗುರುವಾರ ಕೂತು ನಲವತ್ತೊಂದನೇ ಕಲ್ಲಿನಂತೆ ತೀರ್ಮಾನ ಹೇಳುವವರಿದ್ದರು. ಅಂಗಡಿ ಹೋದರೆ ಅವಳಿಗೆ ಮನೆಯೂ ಇಲ್ಲ, ಮಲಗುವುದು ಅದರ ಹಿಂದೆಯೇ.

ಹಳೆಯ ಪುಸ್ತಕ ತೆಗೆದು ಆ ವರ್ಷ ಆ ದಿನ ಹುಡುಕಿದೆ. ಪ್ರತಿ ದಿನದ ಕೊನೆಗೆ ಗುಮಾಸ್ತ ಗೆರೆ ಎಳೆದು ಸಹಿ ಹಾಕುತ್ತಾನೆ, ಕೊನೆಯ ನಮೂದಿಗೆ ಅಂಟಿಕೊಂಡೇ. ನಡುವೆ ಯಾರೂ ಏನೂ ಸೇರಿಸಬಾರದೆಂದು. ಆ ದಿನ ಮಾತ್ರ ಗೆರೆಯ ಮೇಲೆ ಒಂದು ಸಾಲು ಖಾಲಿ ಬಿಟ್ಟಿತ್ತು. ಪುಸ್ತಕ ಪೂರ್ತಿ ತಿರುವಿದೆ, ಬೇರೆ ಎಲ್ಲೂ ಹಾಗಿಲ್ಲ.

ದುರಗಪ್ಪ ಚಹಾ ತಂದು, "ಏನೋ ಮಾರಿ ಸುಣ್ಣ ಬಡದಂಗ ಆಗೈತಿ," ಎಂದ. ಬಾಯಿಗೆ ಸುಣ್ಣ ಹತ್ತಿತ್ತು, ಅದನ್ನೇ ಹೇಳಿದೆ.

ಆ ಕಲ್ಲು ನನ್ನ ನಕಾಶೆಯಲ್ಲಿ ಮೊದಲನೆಯದು. ಕಲ್ಲುಕುಟಿಗ ಅಲ್ಲಿಂದ ಶುರು ಮಾಡಬೇಕೆಂದು ನಾನೇ ಬರೆದಿದ್ದೆ. ಏನೂ ಮಾಡದೆ ಸುಮ್ಮನಿದ್ದರೆ ಸೋಮವಾರ ಹತ್ತೂವರೆಗೆ ಅದು ಮೂರು ಬುಟ್ಟಿ ಚಕ್ಕೆಯಾಗಿ ಹೊಳೆಗೆ ಹೋಗುತ್ತಿತ್ತು. ನನ್ನ ದಾರಿ ನೇರವಾಗುತ್ತಿತ್ತು. ನನಗೆ ಶಿಫಾರಸು ಸಿಗುತ್ತಿತ್ತು. ನಾನು ಸುಳ್ಳು ಹೇಳಿದಂತೆಯೂ ಆಗುತ್ತಿರಲಿಲ್ಲ. ಇದನ್ನೆಲ್ಲ ಆ ಮಧ್ಯಾಹ್ನ ಯೋಚಿಸಿದ್ದೇನೆ, ಯೋಚಿಸಲಿಲ್ಲ ಎಂದು ಹೇಳಿಕೊಳ್ಳುವುದಿಲ್ಲ.

ಸಂಜೆ ಕಟ್ಟಿಯವರ ಮನೆಗೆ ಹೋದೆ. ಕಲ್ಲು ಹಾಸಿದ ಕಟ್ಟೆಯ ಮೇಲೆ ಬೂಟು ಹಾಕಿಕೊಂಡೇ ಕೂತು ಅವರೆಕಾಯಿ ಸುಲಿಯುತ್ತಿದ್ದರು. ನನ್ನ ಮುಖಕ್ಕಿಂತ ಮೊದಲು ಕಾಲು ನೋಡಿದರು. ಚಪ್ಪಲಿ ಇತ್ತು.

"ನಿಂತಿ?" ಎಂದರು.

"ನಿಂತೆರಿ."

ಎರಡು ಕಾಯಿ ಸುಲಿದರು. "ಮುಂಜಾನೆ ಬರ್ತಾನಂತ ತಿಳದಿದ್ದೆ. ನನ್ನ ಸರ್ವೀಸಿನಾಗ ಎಷ್ಟು ಮಂದಿಗೆ ನಾಳೆ ಬಾ ಅಂದೇನಿ, ಎಲ್ಲಾರೂ ಬಂದಾರ. ಬೈಕೋತ ಬಂದಾರ, ಆದ್ರೂ ಬಂದಾರ. ಅವನೊಬ್ಬ ಬರಲಿಲ್ಲ."

"ಹತ್ತು ನಿಮಿಷ ಇತ್ತಲ್ರಿ ಸರ್."

"ಕ್ಷೌರಕ್ಕ ಹೋಗೂದಿತ್ತು. ತಡಾ ಆದ್ರ ಕ್ಷೌರದಾಂವ ಅಂಗಡಿ ಮುಚ್ಚತಿದ್ದ." ಅವರು ತಲೆ ಸವರಿಕೊಂಡರು. ಈಗ ಅಲ್ಲಿ ಕೂದಲೇ ಇರಲಿಲ್ಲ. "ಚಪ್ಪಲಿ ಮೆಟ್ಟಾಕ ಬಾಗಿಲಿಗೆ ಹೊಂಟಿದ್ದೆ, ದಾರ್ಯಾಗ ಅಡ್ಡ ಬಂದ. ಬರಿಗಾಲಲ್ಲೇ ಇದ್ದ, ನಾನೂ ಬರಿಗಾಲಲ್ಲೇ ಇದ್ದೆ, ಇಬ್ಬರೂ ಒಂದೇ ಕಲ್ಲಿನ ಮ್ಯಾಲೆ. ಮೂರನೇ ದಿನಕ್ಕ ಆ ಕಲ್ಲಿನ ಮ್ಯಾಲೆ ಟೇಬಲ್ ಎಳಕೊಂಡೆ."

"ಯಾರಿಗೂ ಕೇಳಿಸಬಾರದಂತ?"

"ಹೌದು. ಮತ್ತ ಯಾರೂ ಕೆತ್ತಬಾರದಂತ. ಎರಡು ಸಲ ನೆಲಾ ರಿಪೇರಿ ಬಂತು, ಮೇಜು ಸರಿಸಾಕ ಬಿಡಲಿಲ್ಲ ನಾ." ಸಾಲು ಖಾಲಿ ಬಿಟ್ಟದ್ದನ್ನು ಕೇಳಿದೆ. "ಬರೀಬೇಕಂತ ಬಿಟ್ಟೆ. ಬರದ್ರ ಅವತ್ತೇ ಯಾಕ ಬರೀಲಿಲ್ಲ ಅಂತ ಕೇಳ್ತಾರ. ಇವತ್ತು ನಾಳೆ ಅಂತ ಹನ್ನೊಂದು ವರ್ಷ ಆತು."

ಎರಡರಲ್ಲಿ ಯಾವುದು ದೊಡ್ಡ ಕಾರಣ, ಮುಚ್ಚುವುದೋ ಉಳಿಸುವುದೋ, ನನಗೆ ತಿಳಿಯಲಿಲ್ಲ. ಅವರಿಗೂ ತಿಳಿದಿರಲಿಕ್ಕಿಲ್ಲ.

"ಇನ್ನ ನಾಕು ತಿಂಗಳಿಗೆ ನನ್ನ ನಿವೃತ್ತಿ," ಎಂದರು. "ಆಮ್ಯಾಲೆ ನೀ ಏನಾರ ಮಾಡು. ಅಲ್ಲೀತನಕ ಒಂದು ಕಪಾಟು ಇಡು, ಇಷ್ಟೇ ಕೇಳ್ತೇನಿ."

"ಗುರುವಾರ ಪಂಚರು ಕೂಡ್ತಾರ್ರಿ. ಗುರುವಾರದ ಮ್ಯಾಲೆ ಅದು ಬರೇ ಕಲ್ಲು."

ಅವರು ಬುಟ್ಟಿಯನ್ನು ಪಕ್ಕಕ್ಕಿಟ್ಟು ಎದ್ದರು. "ಚಪ್ಪಲಿ ಹಾಕ್ಕೊಂಡು ಬಂದಿ. ನೀ ಬಂದಿಲ್ಲ, ನಾ ಏನೂ ಹೇಳಿಲ್ಲ. ಹೋಗು."

ಸೋಮವಾರ ಹತ್ತಕ್ಕೆ ಕಲ್ಲುಕುಟಿಗ ಉಳಿ ಸುತ್ತಿಗೆ ಹಿಡಿದು ಬಂದ. ನಕಾಶೆ ಅವನ ಕೈಯಲ್ಲೂ ಇತ್ತು. ಬೇರೆ ತುದಿಯಿಂದ ಶುರುಮಾಡು ಎಂದೆ. "ಚೀಟಿಯೊಳಗ ಇಲ್ಲಿಂದ ಅಂತ ಐತಿ," ಎಂದ. "ಚೀಟಿ ಬರದಾಂವ ನಾನೇ," ಎಂದೆ. ಅವನು ಗೊಣಗುತ್ತ ಹೋದ. ಕಟ್ಟಿಯವರು ಕಿಟಕಿಯ ಬಳಿಯ ಹೊಸ ಜಾಗದಲ್ಲಿ ಬಿಸಿಲಿಗೆ ಬೆನ್ನು ಮಾಡಿ ಕೂತಿದ್ದರು. ಪರದೆ ಇನ್ನೂ ಬಂದಿರಲಿಲ್ಲ.

ಹತ್ತೂವರೆಗೆ ಹುಸೇನಬಿ ಬಂದಳು. ಕೂದಲಿನಲ್ಲಿ, ಹುಬ್ಬಿನಲ್ಲಿ ಹತ್ತಿಯ ಎಳೆ. ಬಾಗಿಲ ಬಳಿ ಮೇಜು, ಖಾಲಿ ನೆಲ, ಕೆಂಪು ಸಂಖ್ಯೆ ನೋಡಿ, "ಇದೇನ್ ದುರಗಪ್ಪಾ, ಕಚೇರಿ ಮದುವಿಗೆ ನಿಂತೈತೇನು?" ಎಂದಳು.

"ಬಾರವ್ವಾ. ನಲವತ್ತೊಂದು ಅಲ್ಲೇ ಐತಿ, ನಿಮ್ಮಪ್ಪ ಇವತ್ತೂ ಅದನ್ನೇ ಹೇಳ್ತಾನ."

"ಹೇಳಲಿ ಬಿಡು. ಮಗಾ ಮಗಾ ಅಂತಾನ, ನನ್ನ ಹೆಸರು ಒಂದು ಸಲ ತಗೊಳ್ಳೂದಿಲ್ಲ ಮುದುಕ. ಈ ತಿಂಗಳು ಕಡೀ ಸಲ, ಗುರುವಾರದಿಂದ ನಾ ಬರೂದಿಲ್ಲ, ನಿನಗ ಮಾರಿ ತೋರ್ಸಾಕ ಬ್ಯಾರೆ ಯಾರನ್ನಾರ ನೋಡ್ಕೋ."

ನಾನು ಕಟ್ಟಿಯವರ ಕಡೆ ನೋಡಿದೆ. ಅವರು ನನ್ನ ಕಡೆ ನೋಡುತ್ತಿರಲಿಲ್ಲ, ಕಿಟಕಿಯ ಹೊರಗೂ ನೋಡುತ್ತಿರಲಿಲ್ಲ, ಪೆನ್ನಿನ ಮುಚ್ಚಳ ತೆಗೆದು ಹಾಕುತ್ತಿದ್ದರು. ಕರುಣೆಯಿಂದ ಮಾಡಿದೆ ಎಂದು ನಾನು ಹೇಳಲಾರೆ. ಒಂದು ಕಲ್ಲನ್ನು ಖಾಲಿ ಎಂದು ನಕಾಶೆಯಲ್ಲಿ ಬರೆದಿದ್ದೆ, ಅದು ಖಾಲಿ ಇರಲಿಲ್ಲ. ತಪ್ಪು ಅಳತೆಯ ಮೇಲೆ ಉಳಿ ಇಡಲು ನನ್ನ ಕೈಯಲ್ಲಾಗಲಿಲ್ಲ.

"ಅಕ್ಕಾ," ಎಂದೆ, "ನಲವತ್ತೊಂದು ಬ್ಯಾಡ. ಇಲ್ಲಿ ನಿಂದರ್ರಿ. ಚಪ್ಪಲಿ ತಗೀರಿ."

ಅವಳು ನನ್ನನ್ನು ಒಮ್ಮೆ ನೋಡಿ ಚಪ್ಪಲಿ ಬಿಟ್ಟು ಕಲ್ಲಿನ ಮೇಲೆ ಕಾಲಿಟ್ಟಳು. ಬಾಯಿ ಮುಚ್ಚಿದ್ದೇ ಇತ್ತು. ಬೇರೆ ತುದಿಯಲ್ಲಿ ಸುತ್ತಿಗೆಯ ಸದ್ದು. ಅವಳ ಮುಖದಲ್ಲಿ ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. ಒಂದು ಸಲ ಮಾತ್ರ ಹುಬ್ಬು ಎತ್ತಿದಳು. ಹೆಸರು ಬಂದ ಜಾಗ ಎಂದು ನನಗೆ ಲೆಕ್ಕ ಸಿಕ್ಕಿತು. ಮೂರು ಸಲ ಕೇಳಿದಳು. ಆಮೇಲೆ ಇಳಿದು, ಚಪ್ಪಲಿ ಮೆಟ್ಟಿಕೊಳ್ಳದೆ, ನೇರ ಕಿಟಕಿಯ ಬಳಿಗೆ ಹೋದಳು. ದಾರಿಗೆ ಅಡ್ಡ ಈಗ ಏನೂ ಇರಲಿಲ್ಲ.

"ಹತ್ತು ನಿಮಿಷ ಇತ್ತಲ್ರಿ ಸಾಹೇಬ್ರ," ಎಂದಳು.

ಕಟ್ಟಿಯವರು ಪೆನ್ನಿನ ಮುಚ್ಚಳ ಹಾಕಿದರು.

"ಇತ್ತವ್ವಾ."

"ನಾ ಪ್ರತಿ ತಿಂಗಳು ನಿಮ್ಮ ಟೇಬಲ್ ಮುಂದೇ ನಿಂತು ಕೇಳ್ತಿದ್ದೆ."

"ಕೇಳ್ತಿದ್ದಿ."

"ಇಲ್ಲವ್ವಾ ಅಂತಿದ್ರಿ."

ಮೇಡಂ ಒಳಗಿನಿಂದ ಬಂದಿದ್ದರು. ಏನೆಂದು ನಾನು ಹೇಳಿದೆ. ಅವರೂ ಚಪ್ಪಲಿ ಬಿಟ್ಟು ಕಲ್ಲಿನ ಮೇಲೆ ನಿಂತು ಕೇಳಿ ಬಂದರು. ಬಂದವರು ಹೇಳಿದ್ದು ನಾನು ನಿರೀಕ್ಷಿಸಿದ್ದನ್ನೇ. "ಇದು ಪುಸ್ತಕದಲ್ಲಿಲ್ಲ. ಪುಸ್ತಕದಲ್ಲಿ ಇಲ್ಲದ್ದನ್ನ ಪಂಚರು ಒಪ್ಪಲ್ಲ, ನಾನೂ ಒಪ್ಪೋ ಹಾಗಿಲ್ಲ. ಕೇಳಿದ ಗುಮಾಸ್ತರೇ ಅದನ್ನ ಬರೆದು, ತಡವಾಗಿ ಏಕೆ ಬರೀತಿದ್ದೀನಿ ಅಂತ ಬರಿಗಾಲಲ್ಲಿ ಹೇಳಿದರೆ ಮಾತ್ರ." ಅವರು ಕಟ್ಟಿಯವರ ಕಡೆ ತಿರುಗಿ ದನಿ ತಗ್ಗಿಸಿದರು. "ಹೇಳಿದ ಮೇಲೆ ನಾನು ನಿಮಗೆ ನೋಟಿಸು ಕೊಡಬೇಕಾಗುತ್ತೆ. ಪಿಂಚಣಿಗೆ ತೊಂದರೆ ಆಗುತ್ತೆ. ಒತ್ತಾಯ ಏನಿಲ್ಲ."

ನಾನು ಹಳೆಯ ಪುಸ್ತಕ ತಂದು ಅವರ ಮುಂದೆ ಆ ಪುಟ ತೆರೆದಿಟ್ಟೆ. ಅವರು ಖಾಲಿ ಸಾಲನ್ನು ನೋಡಿದರು. ಗೋಡೆಯ ಗಡಿಯಾರ ನೋಡಿದರು. ಕುರ್ಚಿ ಹಿಂದಕ್ಕೆ ಸರಿಸಿ ಬಾಗಿದರು. ಬಗ್ಗಿ ಏನು ಮಾಡುತ್ತಿದ್ದಾರೆ ಎಂದು ಮೊದಲು ಯಾರಿಗೂ ತಿಳಿಯಲಿಲ್ಲ. ಬೂಟಿನ ಲಾಡಿಗೆ ಗಂಟು ಬಿದ್ದಿತ್ತು, ಬೆರಳಿಗೆ ಬಿಚ್ಚಲು ಬರಲಿಲ್ಲ. ದುರಗಪ್ಪ ಕೂತು ಬಿಡಿಸಲು ಹೋದ. "ಬಿಡೋ, ನಾ ಬಿಚ್ಚತೇನಿ," ಎಂದರು. ಬಹಳ ಹೊತ್ತು ಹಿಡಿಯಿತು. ಯಾರೂ ಆತುರ ಮಾಡಲಿಲ್ಲ. ಒಂದು ಬೂಟು, ಕಾಲುಚೀಲ, ಇನ್ನೊಂದು ಬೂಟು, ಕಾಲುಚೀಲ. ನೀರಿನಲ್ಲಿ ಬಹಳ ಹೊತ್ತು ಇದ್ದ ಕೈಯಂತೆ ಬಿಳುಚಿ ಸುಕ್ಕಾಗಿದ್ದ ಪಾದಗಳು.

"ಐದೇ ಅದಾವಲ್ಲೋ," ಎಂದ ದುರಗಪ್ಪ ನನ್ನ ಕಿವಿಯಲ್ಲಿ. ಅವನಿಗೆ ನಿಜವಾಗಿಯೂ ಬೇಸರವಾಗಿತ್ತು.

ಮೇಡಂ ಖಾಲಿ ಇರುವ ಏಳು ಕಲ್ಲಿನಲ್ಲಿ ಒಂದನ್ನು ತೋರಿಸಿದರು. ಕಟ್ಟಿಯವರು ತಲೆ ಅಲ್ಲಾಡಿಸಿ ದಾರಿಯ ಕಲ್ಲಿಗೇ ಹೋದರು. "ಅವನ ಮಾತಿನ ಬೆನ್ನಿಗೇ ಇರಲಿ. ಯಾರಿಗೂ ಎರಡು ಕಡೆ ಅಡ್ಡಾಡೂ ತ್ರಾಸ ಬ್ಯಾಡ," ಎಂದರು. ನಕಾಶೆಯ ದೃಷ್ಟಿಯಿಂದ ಅದು ಸರಿಯಾದ ಮಾತೇ. ಕಲ್ಲಿನ ಮೇಲೆ ಕಾಲಿಟ್ಟವರು ಕೂಡಲೇ ಮಾತಾಡಲಿಲ್ಲ. ಬಾಯಿ ಮುಚ್ಚಿಕೊಂಡು ನಿಂತರು, ಮೌಲಾಸಾಬ ಮುಗಿಸುವವರೆಗೆ. ಆಮೇಲೆ ಹೇಳಿದರು. ಹೆಸರು, ತಾರೀಖು, ವೇಳೆ. ಐದಕ್ಕೆ ಹತ್ತು ನಿಮಿಷ ಇದ್ದದ್ದು. ಕ್ಷೌರ. ಮೇಜು. ಒಂದು ಕ್ಷಮೆಯ ಶಬ್ದ ಅದರಲ್ಲಿ ಇರಲಿಲ್ಲ, ಒಂದು ಸುಳ್ಳೂ ಇರಲಿಲ್ಲ. ಹುಸೇನಬಿ ಪಕ್ಕದಲ್ಲಿ ನಿಂತು ಕೇಳಿದಳು. ಖಾಲಿ ಸಾಲಿನಲ್ಲಿ ಅವರು ಬರೆದರು, ಅಂಚಿನಲ್ಲಿ ಇವತ್ತಿನ ತಾರೀಖು ಹಾಕಿದರು. ಅಕ್ಷರ ಒಂದೇ ಥರ ಇತ್ತು, ಶಾಯಿ ಮಾತ್ರ ಬೇರೆ.

ಪಂಚರು ಗುರುವಾರ ತೀರ್ಮಾನ ಹೇಳಲಿಲ್ಲ, ಮುಂದೂಡಿದರು. ದಸ್ತಗೀರ ಬಂದು ಕಲ್ಲಿನ ಮೇಲೆ ನಿಂತು, ಇದು ನಮ್ಮಪ್ಪನ ದನಿಯೇ ಅಲ್ಲ ಎಂದ. ಎರಡನೇ ಸಲ ನಿಂತಾಗ ಅವನಿಗೆ ಕೆಮ್ಮು ಬಂತು, ಇಳಿದುಬಿಟ್ಟ. ಆದರೂ ಆರು ತಿಂಗಳು ಜಗ್ಗಾಡಿದ. ಕೊನೆಗೆ ಅಂಗಡಿ ಹುಸೇನಬಿಗಾಯಿತು. ಅಕ್ಕ ತಮ್ಮ ಈಗ ಚಪ್ಪಲಿ ಹಾಕಿಕೊಂಡೂ ಮಾತಾಡುವುದಿಲ್ಲ. ಕಟ್ಟಿಯವರ ಪಿಂಚಣಿಯನ್ನು ತಡೆದರು, ಆಮೇಲೆ ಅರ್ಧ ಬಿಟ್ಟರು. ಪೇಟೆಯಲ್ಲಿ ಸಿಕ್ಕರೆ ನನ್ನನ್ನು ನೋಡದವರಂತೆ ಹೋಗುತ್ತಾರೆ. ಕಾಲಲ್ಲಿ ಎರಡು ಪಟ್ಟಿಯ ಸಾದಾ ಚಪ್ಪಲಿ. ನನ್ನ ಶಿಫಾರಸನ್ನು ಮೇಡಂ ಬರೆದರು, ಒಂದು ವರ್ಷ ತಡವಾಗಿ.

ಈಗ ನಮ್ಮ ಕಚೇರಿಯಲ್ಲಿ ಒಂದು ಹಳೇ ಮಾತು ಕೇಳಿ ಹೋಗಲು ನಲವತ್ತು ನಿಮಿಷ ಸಾಕು. ಹದಿನೇಳು ಹೊಸ ಕಲ್ಲುಗಳು ಬಂದವು, ಎಂಟು ಆಗಲೇ ತುಂಬಿವೆ. ಮೇಲಿನಿಂದ ತಪಾಸಣೆಗೆ ಬಂದವರು ನಕಾಶೆಯನ್ನು ಬೇರೆ ಊರುಗಳಿಗೂ ಕೇಳಿ ಒಯ್ದಿದ್ದಾರೆ. ದಾರಿ ಮಾತ್ರ ನಡುವೆ ಆ ಒಂದು ಕಲ್ಲನ್ನು ಬಳಸಿ ಹೋಗುತ್ತದೆ. ಅದು ನೇರ ಇದ್ದಿದ್ದರೆ ಇನ್ನೂ ನಾಲ್ಕು ನಿಮಿಷ ಉಳಿಯುತ್ತಿತ್ತು, ಅಳೆದಿದ್ದೇನೆ. ವ್ಯವಹಾರ ಮುಗಿದಿದೆಯಲ್ಲ, ಕೆತ್ತಿಸಿಬಿಡಿ ಎಂದು ತಪಾಸಣೆಯವರು ಬರೆದರು. ಎರಡೂ ಕಡೆಯವರು ಒಪ್ಪಬೇಕು. ದಸ್ತಗೀರ ಒಪ್ಪಿದ. ಒಪ್ಪಿಗೆ ಕೇಳಲು ಹುಸೇನಬಿಯ ಅಂಗಡಿಗೆ ಹೋದೆ. ಅವಳು ಹತ್ತಿ ಹಿಂಜುವುದನ್ನು ನಿಲ್ಲಿಸಲಿಲ್ಲ. ಬಿಲ್ಲಿನ ಹೆದೆಯ ಸದ್ದಿನ ನಡುವೆ, "ನನಗೇನು ಬ್ಯಾಡಪ್ಪ ಅದು, ನಾ ಕೇಳಿಯಾತು," ಎಂದಳು. "ನಿಮಗ ಬೇಕಾಗ್ತೈತಿ. ಇರಲಿ."

ಬರಹದಲ್ಲಿ ಒಪ್ಪಿಗೆ ಇಲ್ಲ ಎಂದು ನಮೂದಿಸಿದೆ.

ಈಗ ಪುಸ್ತಕ ನನ್ನ ಮೇಜಿನ ಮೇಲಿದೆ, ಬಾಗಿಲ ಬಳಿ. ಐದಕ್ಕೆ ಹತ್ತು ನಿಮಿಷ ಇರುವಾಗ ಯಾರಾದರೂ ಬರುತ್ತಾರೆ, ಬಂದೇ ಬರುತ್ತಾರೆ. ಗೆರೆ ಎಳೆದು ಸಹಿ ಹಾಕಿ, ಚೀಲ ಹೆಗಲಿಗೆ ಏರಿಸಿರುತ್ತೇನೆ. ಅವರು ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು, ತಡವಾಯಿತೇನೋ ಎಂದು ಗಡಿಯಾರ ನೋಡುತ್ತ ನಿಲ್ಲುತ್ತಾರೆ. ನನಗೆ ಈಗಲೂ ಸಿಟ್ಟೇ ಬರುತ್ತದೆ. ಚೀಲ ಇಳಿಸಿ ಪುಸ್ತಕ ತೆಗೆಯುತ್ತೇನೆ.